ಹಲಗೆ ಬೇಡ, ಹೆಗಲು ಕೊಡು

ನನ್ನ ಗಂಡ ಹುಸೇನಪ್ಪ ಹಲಗೆಯ ಸದ್ದಿಲ್ಲದೆ ಮಣ್ಣಿಗೆ ಹೋದ ಎಂದು ಪುಣೆಯ ನಮ್ಮ ವಸ್ತಿಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ. ನಳದ ಹತ್ತಿರ ಆಡಿಕೊಳ್ಳುತ್ತಾರೆ, ಕಿರಾಣಿ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ನಾನು ಬಂದರೆ ಸುಮ್ಮನಾಗುತ್ತಾರೆ. ಯಾಕೆ ಸುಮ್ಮನಾಗಬೇಕು? ನನ್ನ ಮುಂದೆಯೇ ಹೇಳಲಿ. ಹೌದು, ಹಾಗೇ ಹೋದ. ಜೀವಮಾನವೆಲ್ಲ ಮಂದಿಯ ಹೆಣದ ಮುಂದೆ ಹಲಗೆ ಬಾರಿಸಿದವನು, ತನ್ನ ಹೆಣದ ಮುಂದೆ ಹಲಗೆ ಇಲ್ಲದೆ ಹೋದ. ಹಾಗೆ ಕಳಿಸಿದವಳು ನಾನು. ಯಾಕೆ ಕಳಿಸಿದೆ ಎಂದು ಹೇಳುತ್ತೇನೆ.

ಅವನು ಸುರಪುರದ ಕಡೆಯ ಹಳ್ಳಿಯವನು. ನಾನೂ ಅದೇ ಸೀಮೆಯವಳು. ಅವನ ತಾಯಿಗೆ ಮಕ್ಕಳು ಉಳಿಯುತ್ತಿರಲಿಲ್ಲವಂತೆ. ಮೊಹರಮ್ಮಿನ ದೇವರಿಗೆ ಹರಕೆ ಹೊತ್ತಳು. ಇವನು ಹುಟ್ಟಿ ಉಳಿದ. ಹುಸೇನಪ್ಪ ಎಂದು ಹೆಸರಿಟ್ಟರು. ತಮ್ಮ ಅಂಬಾರಾಯ ಆಮೇಲೆ ಹುಟ್ಟಿದ.

ಮನೆತನ ಹಲಗೆಯದು. ಊರಲ್ಲಿ ಯಾರೇ ಸತ್ತರೂ ಇವರ ಮನೆಗೆ ಆಳು ಬರುತ್ತಿತ್ತು. ತಾಟಿನಲ್ಲಿ ಮುರಿದ ರೊಟ್ಟಿ ತಾಟಿನಲ್ಲೇ ಬಿಟ್ಟು ಓಡಬೇಕು. ಸತ್ತವರ ಅಂಗಳದ ಹೊರಗೆ ಕಸಕಡ್ಡಿ ಉರಿಸಿ ಹಲಗೆಯ ಚರ್ಮ ಕಾಸಬೇಕು. ಕಾಸಿದರೆ ಬಿಗಿಯಾಗುತ್ತದೆ, ಇಲ್ಲದಿದ್ದರೆ ಸದ್ದು ಏಳುವುದಿಲ್ಲ. ಹೆಣ ಎತ್ತಿದ ಮೇಲೆ ಮುಂದೆ ಬಾರಿಸುತ್ತ ನಡೆಯಬೇಕು. ಹೊಸ್ತಿಲು ಮುಟ್ಟುವಂತಿಲ್ಲ. ಹೆಣಕ್ಕೆ ಹೆಗಲು ಕೊಡುವಂತಿಲ್ಲ.

ಮಂದಿಯ ಹೆಣದ ಮಾತು ಬಿಡಿ. ಅವನ ಅಪ್ಪ ಸತ್ತಾಗ ಅವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಬಾರಿಸಲು ಬೇರೆ ಯಾರೂ ಇರಲಿಲ್ಲ. ಹಲಗೆಯವನ ಹೆಣ ಹಲಗೆ ಇಲ್ಲದೆ ಹೋಗಬಾರದು ಎಂದು ಹಿರಿಯರು ಅಪ್ಪನ ಹಲಗೆಯನ್ನೇ ಅವನ ಕೊರಳಿಗೆ ಹಾಕಿದರು. ಸೋದರಮಾವಂದಿರು ಹೊತ್ತರು. ಇವನು ಮುಂದೆ ಬಾರಿಸುತ್ತ ಹೋದ. ಹಿಂದಕ್ಕೆ ತಿರುಗಿ ನೋಡಿದರೆ ಪೆಟ್ಟು ತಪ್ಪುತ್ತಿತ್ತು. ಅದಕ್ಕೆ ಬೈದರು. ಅಪ್ಪನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಅಪ್ಪನ ಭಾರವನ್ನೂ ಹೊರಲಿಲ್ಲ. ಇದನ್ನು ಅವನು ನನಗೆ ಹೇಳಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

ನಮ್ಮ ಮದುವೆಯದ್ದೂ ಕೇಳಿ. ಅಕ್ಕಿಕಾಳು ಬಿದ್ದಿತ್ತು, ಇನ್ನೂ ಊಟಕ್ಕೆ ಕುಳಿತಿರಲಿಲ್ಲ. ಗೌಡರ ಮನೆಯ ಮುದುಕಿ ಹೋದಳು. ಆಳು ಬಂತು. ಹಂದರದ ಕೆಳಗಿನಿಂದ ಮದುಮಗನನ್ನು ಎಬ್ಬಿಸಿಕೊಂಡು ಹೋದರು. ಬಾಸಿಂಗ ಬಿಚ್ಚಿ ನನ್ನ ಕೈಯಲ್ಲಿ ಕೊಟ್ಟು ಹೋದ. ಅವನ ಕೈಯ ಅರಿಶಿನ ಹಲಗೆಯ ಚರ್ಮಕ್ಕೆ ಹತ್ತಿತು. ನಾನು ಬಾಸಿಂಗ ಹಿಡಿದುಕೊಂಡು ಮಂದಿಯ ನಡುವೆ ಕುಳಿತಿದ್ದೆ. ಯಾರೂ ಇದನ್ನು ತಪ್ಪು ಎನ್ನಲಿಲ್ಲ. ನನ್ನ ಅವ್ವ ಕೂಡ ಎನ್ನಲಿಲ್ಲ.

ಪುಣೆಗೆ ಬರುವಾಗ ಅವನು ಹಲಗೆಯನ್ನು ಊರ ಮನೆಯ ಗೂಟಕ್ಕೆ ನೇತುಹಾಕಿ ಬಂದ. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ, “ಮುಗೀತು ನೋಡು ಹುಲಿಗಿ. ಅಲ್ಲಿ ಯಾರಿಗಿ ಗೊತ್ತದ ನಾವು ಯಾರಂತ.”

ಗೊತ್ತಿತ್ತು. ಬಿಬವೇವಾಡಿಯ ಗುಡ್ಡದ ಮೇಲೆ ನಮ್ಮ ಕಡೆಯವರದೇ ವಸ್ತಿ. ಎಲ್ಲ ತಗಡಿನ, ಪತ್ರಾಸಿನ ಮನೆಗಳು. ಗುರಣ್ಣ ಎಂದರೆ ನಮ್ಮ ಊರಿನವನೇ, ಮೇಲಿನ ಓಣಿಯವನು. ಇಲ್ಲಿ ಫರಶಿ ಕೆಲಸದ ಮುಕಾದಮ. ದೊಡ್ಡ ದೊಡ್ಡ ಬಿಲ್ಡಿಂಗುಗಳಲ್ಲಿ ನೆಲಕ್ಕೆ ಕಲ್ಲು ಹಾಸುವ ಕೆಲಸ ಹಿಡಿಯುತ್ತಾನೆ, ನಮ್ಮ ಗಂಡಸರಿಗೆ ಹಂಚುತ್ತಾನೆ. ಅವನು ಕರೆದರೆ ಒಲೆ ಉರಿಯುತ್ತದೆ. ಒಮ್ಮೆ ಊರಿಗೆ ಹೋದವನು ಬರುವಾಗ ಹಲಗೆ ತಂದ. ಎಲ್ಲರ ಮುಂದೆ ಹುಸೇನಪ್ಪನ ಕೈಗೆ ಕೊಟ್ಟ.

“ಏ ಹುಸೇನ್ಯಾ, ನಿನ್ನ ದೊಡ್ಡ ಹೆಂಡ್ತೀನ ಊರಾಗ ಬಿಟ್ಟು ಬಂದಿದ್ದಿ ನೋಡು. ಕರ್ಕೊಂಡು ಬಂದೀನಿ.”

ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತಿದ್ದೆ. ಹುಸೇನಪ್ಪನೂ ನಕ್ಕ. ನಗದೆ ಏನು ಮಾಡುತ್ತಾನೆ.

ಅಲ್ಲಿಂದ ಪುಣೆಯೂ ಊರೇ ಆಯಿತು. ವಸ್ತಿಯಲ್ಲಿ ಯಾರಾದರೂ ಸತ್ತರೆ ಗುರಣ್ಣನ ಫೋನು ಬರುತ್ತಿತ್ತು. ಹಗಲು ಕಲ್ಲು ಕೊರೆಯುವುದು, ಫೋನು ಬಂದರೆ ಮಷೀನು ಬಂದ್ ಮಾಡಿ ಹಲಗೆ ತಗೊಂಡು ಓಡುವುದು.

ಗುಡ್ಡದ ಕೆಳಗೆ, ರಸ್ತೆಯ ತಿರುವಿನಲ್ಲಿ, ಪಂಢರಿನಾಥ ಎಂಬ ಮುದುಕನ ಇಸ್ತ್ರಿ ಗಾಡಿ ಇತ್ತು. ಅವನ ಹೆಂಡತಿ ಶಿವಕಾಂತಾ ಫ್ಲ್ಯಾಟುಗಳಲ್ಲಿ ಅಡಿಗೆ ಮಾಡುತ್ತಿದ್ದಳು. ಬೀದರದ ಕಡೆಯವರು, ಯೇಸುವಿನ ಮಂದಿ. ಮೊದಲು ಅವರು ಎಂಥ ಮನೆತನದವರು ಎಂದರೆ, ನಮ್ಮ ಸೀಮೆಯಲ್ಲಿ ಅಂಥವರ ಹೊಸ್ತಿಲನ್ನು ನಾವು ತುಳಿಯುವಂತಿರಲಿಲ್ಲ. ಹುಸೇನಪ್ಪ ಕೆಲಸದಿಂದ ಬರುವಾಗ ಆ ಗಾಡಿಯ ಹತ್ತಿರ ನಿಲ್ಲುತ್ತಿದ್ದ. ಮುದುಕ ಒಂದು ಚಹಾ ತರಿಸಿ ಅರ್ಧ ಇವನಿಗೆ ಕೊಡುತ್ತಿದ್ದ. ಬೇರೆ ಮಾತೇನೂ ಇರುತ್ತಿರಲಿಲ್ಲ. ಮಳೆ ಬಂತು, ಬಿಸಿಲು ಬಂತು, ಅಷ್ಟೇ.

ಒಂದು ದಿನ ಮುದುಕ ಇಸ್ತ್ರಿ ಮಾಡುತ್ತಲೇ ಕುಸಿದು ತೀರಿಕೊಂಡ. ಶಿವಕಾಂತಾ ಹೇಳಿಕಳಿಸಿದಳು, ಹುಸೇನಪ್ಪ ಬರಲಿ ಎಂದು. ಸತ್ತ ಮನೆಯಿಂದ ಕರೆ ಬಂದರೆ ನಮಗೆ ಗೊತ್ತಿರುವುದು ಒಂದೇ ಕೆಲಸ. ಅವನು ಹಲಗೆ ತಗೊಂಡು ಹೋದ. ನಾನೂ ಹಿಂದೆ ಹೋದೆ. ಅವರ ಬಾಗಿಲ ಹೊರಗೆ, ಗಟಾರದ ಪಕ್ಕ, ಹಳೆಯ ಪೇಪರು ಉರಿಸಿ ಚರ್ಮ ಕಾಸಲು ಕುಳಿತ.

ಒಳಗಿನಿಂದ ಬಿಳೀ ಅಂಗಿಯ ಒಬ್ಬ ಬಂದ. ಅವನು ಪಾಸ್ಟರ್ ದೇವಾನಂದ. ವಾರವೆಲ್ಲ ಶಾಲೆಯ ವ್ಯಾನು ಓಡಿಸುತ್ತಾನೆ, ರವಿವಾರ ಪ್ರಾರ್ಥನೆ ನಡೆಸುತ್ತಾನೆ.

“ಏನ್ ಮಾಡ್ಲಾಕತ್ತೀರಿ ಅಣ್ಣಾರ?”

“ಹಲಗಿ ಕಾಸ್ಲಾಕತ್ತೀನ್ರಿ. ಹೆಣ ಯಾವಾಗ ಎತ್ತತೀರಿ?”

“ಎತ್ತಾಕ ಒಂದು ಹೆಗಲ ಕಮ್ಮಿ ಬಿದ್ದದ. ಅದಕ್ಕs ನಿಮ್ಮನ್ನ ಕರಸ್ಯಾರ. ಅದನ್ನ ಅಲ್ಲೇ ಇಡ್ರಿ, ಒಳಗ ಬರ್ರಿ.”

ಹುಸೇನಪ್ಪನಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದ. ನನಗೂ ತಿಳಿಯಲಿಲ್ಲ. “ನಾವು ಹಲಗಿ ಮಂದೀರಿ,” ಎಂದ ಸಣ್ಣ ದನಿಯಲ್ಲಿ.

ಶಿವಕಾಂತಾ ಒಳಗಿನಿಂದಲೇ ಗದರಿದಳು. ಅಳುತ್ತಿದ್ದಳು, ಆದರೂ ಗದರಿದಳು. “ಯಾವ ಮಂದಿ ಅಂತ ಯಾರು ಕೇಳ್ಯಾರ ನಿನಗ? ದಿನಾ ಅವರ ಚಾದಾಗ ಅರ್ಧ ಕುಡೀತಿದ್ದೆಲ್ಲ, ಆವಾಗ ಹೇಳಿದ್ದೇನು? ಬಾ ಒಳಗ. ನಿಮ್ಮ ಮಾಮಾನ ಎತ್ತು.”

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟ. ನಾನು ಹಲಗೆ ಹಿಡಿದುಕೊಂಡು ಹಿಂದೆ ನಡೆದೆ. ಅವನ ಒಂದು ಕೈ ಪೆಟ್ಟಿಗೆಯ ಮೇಲಿತ್ತು. ಇನ್ನೊಂದು ಕೈಗೆ ಕೆಲಸ ಇರಲಿಲ್ಲ. ಅದು ದಾರಿಯುದ್ದಕ್ಕೂ ತೊಡೆಯ ಮೇಲೆ ತಾನೇ ಬಾರಿಸುತ್ತಿತ್ತು.

ಮನೆಗೆ ಬಂದು ಅಂಗಿ ಬಿಚ್ಚಿದ. ಹೆಗಲು ಕೆಂಪಾಗಿತ್ತು. ಎಣ್ಣೆ ಹಚ್ಚುತ್ತೇನೆ ಎಂದೆ.

“ಬ್ಯಾಡ. ಇರ್ಲಿ ಬಿಡು.”

“ನೋಯ್ತದಲ್ಲ.”

“ನೋಯ್ಲಿ,” ಎಂದ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ. ಅವನ ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಮುಂದಿನ ರವಿವಾರದಿಂದ ಪ್ರಾರ್ಥನೆಗೆ ಹೋಗತೊಡಗಿದ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನನ್ನ ಹೆಸರು ಹುಲಿಗೆವ್ವ. ಅದು ದೇವಿಯ ಹೆಸರು. ಮಂಗಳವಾರ ಶುಕ್ರವಾರ ಬಿಡದೆ ದೀಪ ಹಚ್ಚುವವಳು ನಾನು.

“ನೀ ಹೋದ್ರ ನಾ ಎಲ್ಲಿ ಹೋಗ್ಲಿ? ನನ್ನ ಹೆಸರೂ ಬದಲಿ ಮಾಡಸ್ತೀಯೇನು?”

“ನಿನ್ನ ಹೆಸರು ನಿನಗ ಇರ್ಲಿ, ನಿನ್ನ ದೀಪಾನೂ ಇರ್ಲಿ,” ಎಂದ. “ನನ್ನ ಹೆಸರು ಹುಸೇನಪ್ಪ. ಅದನ್ನs ಯಾರೂ ಬದಲಿ ಮಾಡು ಅಂದಿಲ್ಲ.”

“ಹಂಗಾರ ಅಲ್ಲಿ ಏನು ಸಿಕ್ತು ನಿನಗ?”

ಮಾತು ಜೋಡಿಸುವುದು ಅವನಿಗೆ ಬರುತ್ತಿರಲಿಲ್ಲ. ಆದರೂ ಹೇಳಿದ, “ಅವರ ಯೇಸೂನ್ನ ಊರ ಹೊರಗ ಕೊಂದ್ರಂತ ಹುಲಿಗಿ. ಊರ ಹೊರಗ. ನಮ್ಮ ಕೇರಿ ಇರೋದೂ ಅಲ್ಲೇ ಅಲ್ಲೇನು? ಆ ಶಿಲುಬಿ ಕಟ್ಟಿಗೀನ ಆತನs ಹೊತ್ಕೊಂಡು ಹೊಂಟಿದ್ನಂತ. ನಡುವ ಆಗಲಾರದಂಗ ಆತು. ಹೊಲದಿಂದ ಬರೋ ಯಾವನೋ ಪರವೂರಾವನ್ನ ಹಿಡದು ಅದನ್ನ ಹೊರಸಿದ್ರಂತ. ಆ ಮಾತು ಕೇಳಿದ ಕೂಡ್ಲೆ ನನಗ ಇಲ್ಲಿ ಉರೀತು.” ಹೆಗಲು ಮುಟ್ಟಿ ತೋರಿಸಿದ.

ವಸ್ತಿಯವರು ಅಕ್ಕಿ ಚೀಲ ಕೊಟ್ಟರೇನು, ಪಗಾರ ಕೊಡುತ್ತಾರೇನು ಎಂದು ಕೇಳುತ್ತಿದ್ದರು. ಒಂದು ಕಾಳು ಯಾರೂ ಕೊಡಲಿಲ್ಲ. ಪೆಟ್ಟಿಗೆಯ ಒಂದು ಮೂಲೆ ಹೆಗಲಿಗೆ ಕೊಟ್ಟರು. ಅದನ್ನು ಇವರ್‍ಯಾರೂ ಎಂದೂ ಕೊಟ್ಟಿರಲಿಲ್ಲ.

ಪ್ರಾರ್ಥನೆಯ ಜಾಗ ಎಂದರೆ ಒಂದು ಪತ್ರಾಸಿನ ಹಾಲ್, ನೆಲಕ್ಕೆ ಚಾಪೆ. ನಾನು ಒಮ್ಮೆ ಕಿಟಕಿಯಿಂದ ಇಣುಕಿದೆ. ಅವನು ಚಾಪೆಯ ನಟ್ಟನಡುವೆ ಕುಳಿತಿದ್ದ. ಊರಲ್ಲಿ ಯಾವ ಮಂದಿಯ ನಡುವೆಯೂ ಅವನು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಯಾವಾಗಲೂ ಅಂಚಿಗೆ, ಚಪ್ಪಲಿಗಳ ಹತ್ತಿರ. ಹಾಡುತ್ತಿದ್ದ. ಕೈಯಲ್ಲಿ ಅಷ್ಟು ತಾಳ ಇದ್ದವನಿಗೆ ಬಾಯಲ್ಲಿ ಒಂದು ರಾಗವೂ ಇರಲಿಲ್ಲ. ಗಂಟಲು ಹರಿಯುವಂತೆ ಹಾಡುತ್ತಿದ್ದ. ನಮ್ಮ ಮಗಳು ಸೋನಾಲಿ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವನಿಗೆ ಅದರ ಖಬರೇ ಇರಲಿಲ್ಲ.

ಆಮೇಲೆ ತಳೇಗಾಂವದ ಕಡೆ ಹೊಳೆಯಲ್ಲಿ ಮುಳುಗಿ ದೀಕ್ಷೆ ತಗೊಂಡ. ಸೋನಾಲಿ ನೋಡಲು ಹೋದಳು. ನಾನು ಹೋಗಲಿಲ್ಲ. ಒದ್ದೆ ಬಟ್ಟೆ ಒಗೆದು ಹಾಕಿದೆ, ಅಷ್ಟೇ.

ಅದೇ ವರ್ಷ ಗುರಣ್ಣನ ಅವ್ವ ಇಲ್ಲಿ ಮಗನ ಮನೆಯಲ್ಲೇ ತೀರಿಕೊಂಡಳು. ಗುರಣ್ಣ ತಾನೇ ನಮ್ಮ ಬಾಗಿಲಿಗೆ ಬಂದ.

“ಹುಸೇನ್ಯಾ, ಏಳು. ಹಲಗಿ ತಗೋ.”

ನನ್ನ ಗಂಡ ಎದ್ದು ನಿಂತ. “ಹಲಗಿ ಬಾರಸಂಗಿಲ್ರಿ ಗುರಣ್ಣ. ಹೆಗಲ ಬೇಕಾದ್ರ ಕೊಡ್ತೀನಿ.”

ಗುರಣ್ಣ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದ, “ನಮ್ಮವ್ವಗ ನೀ ಹೆಗಲ ಕೊಡ್ತೀ?”

“ಹೌದ್ರಿ.”

“ಯೇಸು ಭಾಳ ದೊಡ್ಡಾವನ್ನ ಮಾಡ್ಯಾನಲ್ಲೋ ನಿನ್ನ.”

“ದೊಡ್ಡಾವನ್ನ ಏನಿಲ್ರಿ. ನಿಮ್ಮ ಬರೋಬರಿ ಮಾಡ್ಯಾನ, ಅಷ್ಟs.”

ಗುರಣ್ಣ ಗೋಡೆಯ ಮೇಲಿನ ಹಲಗೆ ತಾನೇ ಇಳಿಸಿಕೊಂಡು ಹೋದ. ನಮ್ಮ ಹಿಂದೆಯೇ ಪುಣೆಗೆ ಬಂದಿದ್ದ ತಮ್ಮ ಅಂಬಾರಾಯನ ಕೊರಳಿಗೆ ಹಾಕಿದ. ಅಂಬಾರಾಯ ಬಾರಿಸಿದ. ಅಣ್ಣನ ಮನೆಯ ಮುಂದೆಯೇ ಬಾರಿಸುತ್ತ ಹೋದ. ಮುಂದಿನ ತಿಂಗಳಿಂದ ಫರಶಿ ಕೆಲಸಕ್ಕೆ ಕರೆಯುತ್ತಿದ್ದದ್ದು ಅಂಬಾರಾಯನನ್ನು. ಅಣ್ಣನನ್ನು ಯಾರೂ ಕರೆಯಲಿಲ್ಲ.

ಹುಸೇನಪ್ಪ ದಿನಗೂಲಿಯವರು ಸೇರುವ ಮಜೂರ ಅಡ್ಡಾದಲ್ಲಿ ನಿಂತು ಸಿಕ್ಕ ಕೆಲಸ ಮಾಡಿದ. ಗುರಣ್ಣನ ಕೆಲಸದಲ್ಲಿ ಕಲ್ಲಿಗೆ ನೀರು ಬಿಟ್ಟು ಕೊರೆಯುತ್ತಿದ್ದರು. ಅಡ್ಡಾದ ಕೆಲಸದಲ್ಲಿ ಮೇಲಿನ ಮಜಲಿಗೆ ನೀರು ಎಲ್ಲಿಯದು? ಒಣ ಕಲ್ಲನ್ನೇ ಕೊರೆಯಬೇಕು. ಬಾಯಿಗೆ ವಸ್ತ್ರ ಕಟ್ಟಿಕೊಂಡು ಕೊರೆದ. ಸಂಜೆ ಬಂದರೆ ರೆಪ್ಪೆಯ ಕೂದಲೂ ಬೆಳ್ಳಗೆ. ಕೆಮ್ಮಿದರೆ ಬಿಳೀ ಕಫ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಗುಡ್ಡ ಹತ್ತಲು ಆಗಲಿಲ್ಲ. ಆಮೇಲೆ ಸಂಡಾಸದ ತನಕ ನಡೆಯಲೂ ಆಗಲಿಲ್ಲ. ದವಾಖಾನೆಯಲ್ಲಿ ಫೋಟೋ ತೆಗೆದು ಎದೆಯಲ್ಲಿ ಕಲ್ಲಿನ ಪುಡಿ ಕುಳಿತಿದೆ, ಇದು ಹೋಗುವುದಿಲ್ಲ ಎಂದರು.

ಆಗ ಮಂದಿ ಬಂದರು. ಅಂಬಾರಾಯನ ಹೆಂಡತಿ ಶರಣಮ್ಮ ಬಂದು, “ದೇವಿ ಮುನದಾಳ ಅಕ್ಕ. ಹಲಗಿ ಬಿಟ್ಟದ್ದಕ್ಕs ಹಿಂಗಾತು,” ಎಂದಳು. ಎರಡು ದಿನ ಬಿಟ್ಟು ಪ್ರಾರ್ಥನೆಯ ಹಾಲ್‌ನಲ್ಲಿ ಗಿಟಾರು ಬಾರಿಸುವ ಸುಖೇಶ್ ಬಂದ. ಅವನು ಕೂತು, “ಪೂರಾ ವಿಶ್ವಾಸ ಇದ್ದಿದ್ರ ಇಷ್ಟೊತ್ತಿಗಿ ಗುಣ ಆಗಬೇಕಿತ್ತು ಆಂಟಿ. ಎಲ್ಲೋ ಸಂಶಯ ಇಟ್ಕೊಂಡಾರ,” ಎಂದ.

ನನ್ನ ಕೈಯಲ್ಲಿ ಕಸಬರಿಗೆ ಇತ್ತು. “ಏಳು,” ಎಂದೆ. “ಶರಣಮ್ಮನೂ ಇದನ್ನs ಹೇಳಿ ಹೋದ್ಳು. ಆಕಿ ದೇವಿ ಅಂದ್ಳು, ನೀ ಯೇಸು ಅಂದಿ. ಒಣ ಕಲ್ಲು ಕೊರಸಿದಾವನ ಹೆಸರು ಇಬ್ಬರೂ ಹೇಳಲಿಲ್ಲ. ಏಳು ನನ್ನ ಮನಿಯಿಂದ.”

ಸುಖೇಶ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಹಾಸಿಗೆಯಲ್ಲಿ ಹುಸೇನಪ್ಪ ನಗುತ್ತಿದ್ದ. ನಕ್ಕರೆ ಉಸಿರು ಸಿಗುತ್ತಿರಲಿಲ್ಲ, ಆದರೂ ನಗುತ್ತಿದ್ದ.

ಪಾಸ್ಟರ್ ದೇವಾನಂದ ಬೇರೆ ಥರದವನು. ವ್ಯಾನು ನಿಲ್ಲಿಸಿ ದಿನಾ ಬರುತ್ತಿದ್ದ. ಗುಣ ಆಗುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಇವನು ಕಫ ಉಗುಳುವಾಗ ಡಬ್ಬಿ ಹಿಡಿಯುತ್ತಿದ್ದ. ಹಿಡಿದು, ತಾನೇ ತೊಳೆದು ಇಟ್ಟು ಹೋಗುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನಿಗೆ ಚಹಾ ಕೂಡ ಕೇಳುತ್ತಿರಲಿಲ್ಲ, ಅಷ್ಟು ಸಿಟ್ಟಿತ್ತು ನನಗೆ ಅವನ ದೇವರ ಮೇಲೆ.

ಹುಸೇನಪ್ಪನಿಗೆ ಮಾತ್ರ ಸಿಟ್ಟೇ ಇರಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ.

“ಗುರಣ್ಣನ ಮ್ಯಾಲ ಸಿಟ್ಟಿಲ್ಲ. ತಮ್ಮನ ಮ್ಯಾಲ ಸಿಟ್ಟಿಲ್ಲ. ನಿನ್ನ ಯೇಸೂನ ಮ್ಯಾಲೂ ಇಲ್ಲ. ನೀ ಮನುಷ್ಯಾನೋ ಕಲ್ಲೋ?”

“ಇತ್ತು,” ಎಂದ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆಯುತ್ತಿದ್ದ. “ಇಷ್ಟು ವರ್ಷ ಅದನ್ನs ಬಡದೆ ಹಲಗಿ ಮ್ಯಾಲ. ಮಂದಿಗಿ ತಾಳ ಅನಸ್ತು. ಈಗ ಅದು ಇಲ್ಲ. ಆತ ತಗೊಂಡ. ಹೆಂಗಂತ ಕೇಳಬ್ಯಾಡ, ನನಗ ಹೇಳಾಕ ಬರಂಗಿಲ್ಲ.”

ಆಮೇಲೆ ಒಂದು ಮಾತು ಕೇಳಿದ. ಆ ಜೀವ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ.

“ನನ್ನ ಮುಂದ ಹಲಗಿ ಬ್ಯಾಡ ಹುಲಿಗಿ. ಅಂಬ್ಯಾ ಬಾರಸ್ತೀನಿ ಅಂತಾನ, ಬ್ಯಾಡ ಅನ್ನು. ಅವ ಹೆಗಲ ಕೊಡ್ಲಿ. ಅಪ್ಪಗ ನಾ ಕೊಡಲಿಲ್ಲ. ನನಗ ಅವ ಕೊಡ್ಲಿ. ಇಲ್ಲಾಂದ್ರ ಅವನೂ ನನ್ನಂಗs ಆಗ್ತಾನ.”

ಅವತ್ತೇ ಅಂಬಾರಾಯನ ಮನೆಗೆ ಹೋದೆ. ಎರಡು ಓಣಿ ಆಚೆ, ಅಷ್ಟೇ ದೂರ. ಆದರೂ ಅಣ್ಣ ಹಾಸಿಗೆ ಹಿಡಿದ ಮೇಲೆ ಅವನು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಹೊರಗೆ ಕುಳಿತು ಕಟಿಂಗ್ ಮಷೀನಿನ ಬ್ಲೇಡು ಒರೆಸುತ್ತಿದ್ದ. ಅಣ್ಣ ಹೇಳಿದ್ದನ್ನು ಹೇಳಿದೆ. ಅವನು ತಲೆ ಎತ್ತಲಿಲ್ಲ.

“ಹಲಗಿ ಬಾರಸ್ತೀನಿ ವೈನಿ. ಇಡೀ ದಾರಿ ಬಾರಸ್ತೀನಿ. ಕೈ ಹರದ್ರೂ ಬಾರಸ್ತೀನಿ. ಹೆಗಲ ಕೊಡಾಕ ಆಗಂಗಿಲ್ಲ.”

“ಯಾಕ?”

“ಯೇಸುವಿನ ಪೆಟಗಿಗಿ ಹೆಗಲ ಕೊಟ್ಟಾವ ನಾಳಿಗಿ ಕೆಲಸಕ್ಕ ಬರಬ್ಯಾಡ ಅಂದಾರ ಗುರಣ್ಣ. ನನಗೊಬ್ಬಗ ಅಲ್ಲ, ವಸ್ತಿಗೆಲ್ಲ ಹೇಳ್ಯಾರ.”

“ಸಾಯೂಕಿಂತ ಮೊದಲs ಹೇಳ್ಯಾನೇನು?”

ಅವನು ಬ್ಲೇಡು ಒರೆಸುತ್ತಲೇ ಇದ್ದ. ನಾನು ಅವನ ಅಂಗಳದಲ್ಲಿ ಉಗುಳಿ ಬಂದೆ.

ಒಂದು ಬೆಳಿಗ್ಗೆ ಹುಸೇನಪ್ಪ ಹೋದ. ಸೋನಾಲಿ ನೀರು ಕುಡಿಸುತ್ತಿದ್ದಳು. ನೀರು ಹಾಗೇ ಬಾಯಿಯಿಂದ ಹೊರಗೆ ಬಂತು. ಅವಳು ಮರಾಠಿಯಲ್ಲಿ ಕೂಗಿಕೊಂಡಳು. ಪಕ್ಕದ ಮನೆಯವರು ಬಂದರು, ಬಾಗಿಲಲ್ಲೇ ನಿಂತರು.

ಶಿವಕಾಂತಾ ಬಂದಳು. ಶರಣಮ್ಮ ನನ್ನ ಬಳೆ ಒಡೆಯಲು ಕಲ್ಲು ಹಿಡಿದು ಬಂದಿದ್ದಳು. ಶಿವಕಾಂತಾ ಆ ಕಲ್ಲು ಕಸಿದು ಹೊರಗೆ ಎಸೆದಳು. “ಗಂಡ ಹೋದದ್ದು ಸಾಲದೇನು ಆಕೀಗಿ?” ಎಂದಳು. ಬಳೆ ಇವತ್ತಿಗೂ ನನ್ನ ಕೈಯಲ್ಲಿವೆ.

ಮಧ್ಯಾಹ್ನ ಪೆಟ್ಟಿಗೆ ಬಂತು. ಅಂದು ಕೆಲಸದ ದಿನ. ಪ್ರಾರ್ಥನೆಯ ಗಂಡಸರಲ್ಲಿ ಹೆಚ್ಚಿನವರು ರಾಂಜಣಗಾಂವದ ಫ್ಯಾಕ್ಟರಿಗಳಲ್ಲಿದ್ದರು, ಬರಲು ಸಂಜೆಯಾಗುತ್ತಿತ್ತು. ಇಷ್ಟರಲ್ಲಿ ಸ್ಮಶಾನದವರು ಬೇಗ ತನ್ನಿ ಎಂದು ಹೇಳಿದ್ದರು. ದೇವಾನಂದ ಇದ್ದ, ಸುಖೇಶ್ ಇದ್ದ, ಇನ್ನೊಬ್ಬ ಮುದುಕ ಇದ್ದ. ಉಳಿದವರು ಹೆಂಗಸರು. ವಸ್ತಿಯ ಗಂಡಸರು ಬಾಗಿಲುಗಳಲ್ಲಿ ನಿಂತಿದ್ದರು. ಇವನ ಜೊತೆ ಕಲ್ಲು ಹೊತ್ತವರು, ಇವನ ಬೀಡಿ ಸೇದಿದವರು. ಇವರ ಅಪ್ಪಂದಿರ, ಅವ್ವಂದಿರ ಹೆಣದ ಮುಂದೆ ಬಿಸಿಲಲ್ಲಿ ಬಾರಿಸುತ್ತ ನಡೆದವನು ಒಳಗೆ ಮಲಗಿದ್ದ. ಒಬ್ಬನೂ ಹೊಸ್ತಿಲಿಂದ ಇಳಿಯಲಿಲ್ಲ.

ಆಗ ಓಣಿಯ ತುದಿಯಲ್ಲಿ ಹೊಗೆ ಕಂಡಿತು. ಅಂಬಾರಾಯ ಕುಳಿತು ಪೇಪರು ಉರಿಸಿ ಹಲಗೆ ಕಾಸುತ್ತಿದ್ದ. ಅಳುತ್ತಿದ್ದ. ಮೂಗಿನ ನೀರು ಹಲಗೆಯ ಮೇಲೆ ಬೀಳುತ್ತಿತ್ತು. ಅವನ ಹಿಂದೆ ಗುರಣ್ಣ ತನ್ನ ಮೋಟಾರ್‌ಸೈಕಲ್ ಗಾಡಿಯ ಮೇಲೆ ಕುಳಿತಿದ್ದ.

ನಾನು ಹೋದೆ. ಉರಿಯುವ ಪೇಪರನ್ನು ಕಾಲಿನಿಂದ ತುಳಿದೆ. ಚಪ್ಪಲಿ ಸುಟ್ಟಿತು.

“ಇಡು ಕೆಳಗ,” ಎಂದೆ.

“ವೈನಿ, ಅಣ್ಣ ಸುಮ್ಮ ಹೋಗಬಾರದು. ನಮ್ಮ ಮನೆತನದಾಗ ಯಾರೂ ಸುಮ್ಮ ಹೋಗಿಲ್ಲ.”

“ಅವಗ ಸದ್ದು ಬೇಕಾಗಿಲ್ಲ. ತಮ್ಮ ಬೇಕಾಗ್ಯಾನ.”

ಗುರಣ್ಣ ಗಾಡಿಯ ಮೇಲಿಂದಲೇ ಹೇಳಿದ, “ಹುಲಿಗೆವ್ವ, ತಿಳದು ಮಾತಾಡು. ಹಲಗಿ ಇಲ್ಲದ ಹೆಣ ನಾಯಿ ಹೆಣದ ಲೆಕ್ಕ. ಅಂಬ್ಯಾಗ ನಾನs ಹೇಳಿ ಬಾರಸಾಕ ಹಚ್ಚೀನಿ, ಹುಸೇನ್ಯಾಗ ಅಷ್ಟಾದ್ರೂ ಮರ್ಯಾದಿ ಆಗಲಿ ಅಂತ.”

ಅಷ್ಟು ವರ್ಷದ ಸಿಟ್ಟು ಒಮ್ಮೆಲೇ ಮೇಲೆ ಬಂತು. ಆದರೆ ಬೈಗುಳ ಬರಲಿಲ್ಲ. ನನ್ನ ಬಾಯಿಯಿಂದ ಅಂದು ಪಾಸ್ಟರ್ ನನ್ನ ಗಂಡನನ್ನು ಒಳಗೆ ಕರೆದ ಮಾತು ಬಂತು.

“ಹೆಗಲ ಕಮ್ಮಿ ಬಿದ್ದಾವ ಗುರಣ್ಣ. ನೀವೂ ಬರ್ರಿ.”

ಗುರಣ್ಣ ನನ್ನನ್ನು ನೋಡಿದ.

“ಬರ್ರಿ,” ಎಂದೆ. ಓಣಿಯೆಲ್ಲ ಕೇಳುವ ಹಾಗೆ ಎಂದೆ. “ನಿಮ್ಮವ್ವಗ ಕೊಡ್ತೀನಂತ ಅವ ಎದ್ದು ನಿಂತಿದ್ದ. ನಿಮಗ ಬ್ಯಾಡಾಗಿತ್ತು. ನಮಗ ಬೇಕಾಗ್ಯದ. ನಾವು ಕರೀತೀವಿ ನಿಮ್ಮನ್ನ. ಗಾಡಿ ಇಳದು ಬರ್ರಿ.”

ಬಾಗಿಲಲ್ಲಿ ನಿಂತವರು ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗುರಣ್ಣನ ಮುಖ ಕಪ್ಪಾಯಿತು. ಗಾಡಿ ಚಾಲೂ ಮಾಡಿದ. ಒಮ್ಮೆಗೆ ಆಗಲಿಲ್ಲ, ಮತ್ತೆ ಒದ್ದ. ಹೋದ.

ಅಂಬಾರಾಯ ಇನ್ನೂ ಕುಳಿತೇ ಇದ್ದ. ಆರಿದ ಬೂದಿ ನೋಡುತ್ತಿದ್ದ. ಸೋನಾಲಿ ಬಂದು ಅವನ ಮುಂದೆ ನಿಂತಳು. “ಕಾಕಾ, ನೀ ಬರಲಿಲ್ಲಂದ್ರ ನಾನs ಹಿಡೀತೀನಿ. ನನ್ನ ಎತ್ತರ ಕಮ್ಮಿ ಬೀಳ್ತದ. ಅಪ್ಪ ಒಂದ್ ಕಡಿ ವಾಲ್ತಾನ,” ಎಂದಳು.

ಅವನು ಹಲಗೆಯನ್ನು ಕೊರಳಿಂದ ತೆಗೆದು ನನ್ನ ಕೈಗೆ ಕೊಟ್ಟ. ಬೆಚ್ಚಗಿತ್ತು. ಹೋಗಿ ಪೆಟ್ಟಿಗೆಯ ತಲೆಯ ಕಡೆಗೆ ಹೆಗಲು ಕೊಟ್ಟ.

ಅವನಿಗೆ ನಡೆಯಲು ಬರಲಿಲ್ಲ. ಹಲಗೆಯವರ ಹೆಜ್ಜೆ ಬೇರೆ. ಮುಂದೆ ಹೋಗಿ ನಿಂತು, ಒಂದು ಸುತ್ತು ತಿರುಗಿ, ಮತ್ತೆ ಮುಂದೆ ಹೋಗುವ ಹೆಜ್ಜೆ. ಭಾರ ಹೊತ್ತು ನಾಲ್ಕು ಜನರ ಜೊತೆ ಕಾಲು ಹಾಕುವುದು ಅವನು ಕಲಿತೇ ಇರಲಿಲ್ಲ. ತಪ್ಪಿ ತಪ್ಪಿ ಹೆಜ್ಜೆ ಇಟ್ಟ. ದೇವಾನಂದ ಮೆಲ್ಲಗೆ ಹೇಳಿದ, “ನನ್ನ ಕಾಲು ನೋಡ್ರಿ ಅಣ್ಣಾ. ಬಲಗಾಲು. ಹಾಂ. ಈಗ ಎಡಗಾಲು.” ಗುಡ್ಡ ಇಳಿಯುವಷ್ಟರಲ್ಲಿ ಕಲಿತ. ತಿರುವಿನಲ್ಲಿ, ಹಳೆಯ ಇಸ್ತ್ರಿ ಗಾಡಿ ಇದ್ದ ಜಾಗದಲ್ಲಿ, ವಸ್ತಿಯ ಇಬ್ಬರು ಹಿಂದಿನಿಂದ ಓಡಿ ಬಂದು ಹೆಗಲು ಬದಲಿಸಿದರು. ಅವರ ಹೆಸರು ಹೇಳುವುದಿಲ್ಲ, ಅವರಿಗೂ ಹೊಟ್ಟೆ ಇದೆ. ಅಂಬಾರಾಯ ಮಾತ್ರ ಬದಲಿಸಿಕೊಳ್ಳಲಿಲ್ಲ. ಮಣ್ಣಿನ ತನಕ ಹೊತ್ತ.

ವಾಪಸು ಬಂದ ಮೇಲೆ ನಮ್ಮ ಬಾಗಿಲಲ್ಲಿ ಅಂಗಿ ಬಿಚ್ಚಿ ಕುಳಿತ. ಹೆಗಲು ಕೆಂಪಾಗಿತ್ತು. ಶರಣಮ್ಮ ಎಣ್ಣೆ ತರಲು ಎದ್ದಳು.

“ಹಚ್ಚಬ್ಯಾಡ. ಇರ್ಲಿ ಬಿಡು,” ಎಂದೆ.

ಅಂಬಾರಾಯ ನನ್ನ ಮುಖ ನೋಡಿದ. ಹಚ್ಚಿಸಿಕೊಳ್ಳಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ. ಅಣ್ಣ ಬದುಕಿದ್ದಾಗ ಎರಡು ಓಣಿ ದಾಟಿ ಬರಲಿಲ್ಲ, ಅದನ್ನು ನಾನು ಮರೆಯುವವಳಲ್ಲ. ಈಗ ಅವನೂ ಅಡ್ಡಾದಲ್ಲಿ ನಿಲ್ಲುತ್ತಾನೆ. ಒಣ ಕಲ್ಲು ಕೊರೆಯಬೇಡ ಎಂದು ಹೇಳಿದ್ದೇನೆ. ಅಷ್ಟು ಮಾತು ಇದೆ ನಮ್ಮ ನಡುವೆ.

ರವಿವಾರ ನಾನು ಪ್ರಾರ್ಥನೆಯ ಹಾಲ್‌ಗೆ ಹೋಗುತ್ತೇನೆ. ನೀರಿಗೆ ಇಳಿದಿಲ್ಲ. ಹಾಡುವುದಿಲ್ಲ. ಕಣ್ಣು ಮುಚ್ಚಿ ದೇವರನ್ನು ಬೈಯುತ್ತೇನೆ. ನಡತೆಗೆಟ್ಟ ಮಂದಿ ಗಾಡಿಯ ಮೇಲೆ ತಿರುಗುತ್ತಾರೆ, ಇವನ ಉಸಿರು ಮಾತ್ರ ನಿನಗೆ ಬೇಕಾಗಿತ್ತೇ ಎಂದು ಕೇಳುತ್ತೇನೆ. ಇದನ್ನು ಪಾಸ್ಟರನಿಗೆ ಹೇಳಿದೆ. ನನ್ನನ್ನು ಬರಬೇಡ ಎನ್ನಲಿ ಎಂದೇ ಹೇಳಿದೆ. ಅವನು, “ಬೈರಿ ಅಕ್ಕಾರ. ಯೇಸೂನೂ ಸಾಯೋವಾಗ ದೇವರನ್ನ ಇದನ್ನs ಕೇಳ್ಯಾನ, ನನ್ನ ಯಾಕ ಕೈಬಿಟ್ಟಿ ಅಂತ,” ಎಂದ. ಸುಖೇಶ್ ಈಗ ನನ್ನ ಕಣ್ಣು ತಪ್ಪಿಸುತ್ತಾನೆ, ಆದರೆ ಚಾಪೆ ಝಾಡಿಸಿ ಹಾಸಿಕೊಡುತ್ತಾನೆ. ಶಿವಕಾಂತಾ ನನ್ನ ಕೈ ಹಿಡಿದು ನಡುವೆ ಕೂರಿಸುತ್ತಾಳೆ. ನನ್ನ ಗಂಡ ಕುಳಿತಿದ್ದ ಜಾಗ. ಅಲ್ಲಿ ಕುಳಿತರೆ ಸಿಟ್ಟು ಹೋಗುವುದಿಲ್ಲ. ಆದರೆ ಒಬ್ಬಳೇ ಹೊತ್ತ ಹಾಗೆ ಅನಿಸುವುದಿಲ್ಲ. ಅವನಿಗೆ ಸಿಕ್ಕದ್ದು ಇದೇ ಇರಬೇಕು. ಅವನಿಗೆ ಹೇಳಲು ಬರಲಿಲ್ಲ, ನನಗೂ ಇಷ್ಟೇ ಬರುತ್ತದೆ.

ಹಲಗೆ ನಮ್ಮ ಮನೆಯ ಗೋಡೆಯ ಮೇಲಿದೆ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಜೋತು ಬಿದ್ದಿದೆ. ಕಾಸಿಲ್ಲ. ಮೊನ್ನೆ ಮೇಲಿನ ಸಾಲಿನಲ್ಲಿ ಯಾರೋ ತೀರಿಕೊಂಡರು. ಗುರಣ್ಣನ ಆಳು ಬಂದು ಬಾಗಿಲಲ್ಲಿ ನಿಂತ. ಅಂಬಾರಾಯ ಅಲ್ಲೇ ಕುಳಿತು ಸೋನಾಲಿಯ ಸೈಕಲ್ಲಿನ ಚೈನು ಹಾಕುತ್ತಿದ್ದ.

“ಹಲಗಿ ಕೊಡಬೇಕಂತ. ಬಾರಸಾಕ ಅಂಬಾರಾಯ ಬರಬೇಕಂತ,” ಎಂದ ಆಳು.

ನಾನು ಅಂಬಾರಾಯನನ್ನು ನೋಡಿದೆ. ಅವನು ಕೈಯ ಗ್ರೀಸು ಒರೆಸಿಕೊಂಡ.

“ಹಲಗಿ ಇಲ್ಲ ಅಂತ ಹೇಳು,” ಎಂದ. “ಹೆಗಲ ಬೇಕಾದ್ರ ಹೇಳಿಕಳಸ್ರಿ, ಬರ್ತೀನಿ.”

ಆಳು ಹೋದ. ಇನ್ನೂ ಯಾರೂ ಹೇಳಿಕಳಿಸಿಲ್ಲ.